ಸೈಡ್‌ಕಾರಿನಲ್ಲಿ ರುಬ್ಬುಗುಂಡು

ಕಳೆದ ಭಾನುವಾರ ರಾಜಾಜಿನಗರದ ನಮ್ಮ ಬೀದಿಯವರೆಲ್ಲ ಪುಕ್ಕಟೆ ಸರ್ಕಸ್ ನೋಡಿದರು. ಕಲಾವಿದ ನಾನೇ.

ಅಮ್ಮನಿಗೆ ಮಂಡಿನೋವು. ಬಸ್ ಹತ್ತಲು ಆಗುವುದಿಲ್ಲ. ವಿಜಯನಗರದಲ್ಲಿರುವ ಸ್ವಂತ ತಂಗಿಯ ಮನೆಗೆ ಹೋಗಿ ವರ್ಷವೇ ಆಯಿತು. ಅದಕ್ಕೇ ನನ್ನ ಸೆಕೆಂಡ್‌ಹ್ಯಾಂಡ್ ಸ್ಕೂಟರಿನ ಎಡಗಡೆಗೆ ಒಂದು ಸೈಡ್‌ಕಾರ್ ಹಾಕಿಸಿದೆ. (ಹೆಂಡತಿ ಇಟ್ಟ ಹೆಸರು: ತೊಟ್ಟಿಲು.)

ಅಮ್ಮನನ್ನು ಕೂರಿಸುವ ಮುಂಚೆ ಒಂದು ಟ್ರಯಲ್ ಬೇಡವೇ? ಅವಳು ಗೇಟಿನಲ್ಲಿ ನಿಂತು ನೋಡುತ್ತಿದ್ದಳು. ನಾನು ಖಾಲಿ ಗಾಡಿಯಲ್ಲಿ ಹೋಗಿ, ಮೂಲೆಯಲ್ಲಿ ಸ್ಟೈಲಾಗಿ ಎಡಕ್ಕೆ ತಿರುಗಿಸಿದೆ ನೋಡಿ, ತೊಟ್ಟಿಲು ನೆಲ ಬಿಟ್ಟು ಮೇಲೆದ್ದಿತು! ಹ್ಯಾಂಡಲ್ ನೇರ ಮಾಡಿದ ಮೇಲೆ ದಢಾರನೆ ಇಳಿಯಿತು. ಎದುರುಮನೆ ಆಂಟಿ ರಂಗೋಲಿ ಡಬ್ಬಿ ಅಲ್ಲೇ ಬಿಟ್ಟು ಕಾಂಪೌಂಡ್ ಒಳಗೆ ಓಡಿದರು.

"ನಾನು ಬರಲ್ಲ ಕಣೋ. ಆರಾಮಾಗಿ ಕೂತ್ಕೊಂಡ್ರೆ ಸಾಕು ಅಂದ್ಯಲ್ಲ, ಇದೇನಾ ಆರಾಮು?" ಎಂದಳು ಅಮ್ಮ.

ಪಿಯುಸಿ ಫಿಸಿಕ್ಸ್‌ನಲ್ಲಿ ದೇವರ ದಯೆಯಿಂದ ಪಾಸಾದವನು ನಾನು. ಆದರೂ ತಲೆ ಕೆರೆದುಕೊಂಡು ಯೋಚಿಸಿದೆ. ತಿರುವಿನಲ್ಲಿ ರಸ್ತೆ ಚಕ್ರಗಳನ್ನು ಎಡಕ್ಕೆ ಎಳೆಯುತ್ತದೆ; ಮೇಲಿನ ಮೈಗೆ ಮಾತ್ರ ನೇರ ಹೋಗುವ ಹಟ. ಗಾಡಿ ಬಲಕ್ಕೆ ಮಗುಚಲು ನೋಡುತ್ತದೆ. ಈ ಮಗುಚಿಸುವ ಬಲವೇ ಟಾರ್ಕ್. ಅದನ್ನು ತಡೆಯಬೇಕಾದ್ದು ಎಡಗಡೆಯ ತೂಕ. ಆ ತೂಕ ಸ್ಕೂಟರಿನಿಂದ ದೂರ ಇದ್ದಷ್ಟೂ ಒಳ್ಳೆಯದು. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿ ನೋಡಿ, ಜಪ್ಪಯ್ಯ ಅಂದರೂ ಜಗ್ಗದು. ತುದಿಯಲ್ಲಾದರೆ ಒಂದೇ ಬೆರಳು ಸಾಕು. ಇದನ್ನೇ ಅಮ್ಮನಿಗೂ ಬಾಗಿಲ ಸಮೇತ ವಿವರಿಸಿದೆ.

"ತೂಕ ತಾನೇ ರೀ ಬೇಕಿರೋದು?" ಎಂದಳು ಹೆಂಡತಿ. ಗ್ರೈಂಡರ್ ಬಂದ ಮೇಲೆ ಹಿತ್ತಲಲ್ಲಿ ರಿಟೈರಾಗಿ ಕೂತಿದ್ದ ರುಬ್ಬುಗುಂಡನ್ನು ಇಬ್ಬರೂ ಹೊತ್ತು ತಂದು ತೊಟ್ಟಿಲಲ್ಲಿ ಮಲಗಿಸಿದೆವು. ಅದೇ ಮೂಲೆ, ಅದೇ ತಿರುವು, ಸ್ಪೀಡು ಮಾತ್ರ ಸ್ವಲ್ಪ ಕಮ್ಮಿ. ಚಕ್ರ ನೆಲ ಬಿಡಲಿಲ್ಲ. ಅಮ್ಮನಿಗೆ ಧೈರ್ಯ ಬಂತೇ? ಇಲ್ಲ, ಲಾ ಪಾಯಿಂಟ್ ಬಂತು.

"ಕಲ್ಲೇ ಸಾಕಲ್ಲ. ಇನ್ನು ನಾನ್ಯಾಕೆ?"

ತಮಾಷೆಗೇ ಅಂದಳು. ಆದರೆ ನನಗೆ ಚುರುಕ್ ಎಂದಿತು. ಸುಮ್ಮನೆ ಕೂತಿರಿ, ಆರಾಮಾಗಿರಿ ಎಂದು ನಾವು ಹಿರಿಯರಿಗೆ ದಿನಾ ಹೇಳುತ್ತೇವಲ್ಲ, ಅದು ಪ್ರೀತಿಯೋ, ರಿಟೈರ್‌ಮೆಂಟ್ ಆರ್ಡರೋ?

"ಕಲ್ಲು ವಾಲಲ್ಲಮ್ಮ. ಎಡಕ್ಕೆ ತಿರುಗೋವಾಗ ನೀನೂ ಎಡಕ್ಕೆ ವಾಲಿದ್ರೆ ಗಾಡಿ ಇನ್ನೂ ಭದ್ರ. ನಂಗೆ ನೀನೇ ಬೇಕು," ಎಂದೆ.

ಅಮ್ಮ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದಳು.

ಮಾಗಡಿ ರಸ್ತೆಯ ತಿರುವಿನಲ್ಲಿ ಅವಳು ವಾಲಿದ್ದನ್ನು ನೀವು ನೋಡಬೇಕಿತ್ತು! ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೈಡ್‌ಕಾರಿನ ಅಂಚು ಹಿಡಿದು, "ಹೂಂ, ಈಗ ತಿರುಗ್ಸೋ!" ಎಂದು ಆರ್ಡರ್ ಬೇರೆ. ವಿಜಯನಗರದಲ್ಲಿ ಚಿಕ್ಕಮ್ಮ ಅಕ್ಕನನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಅಮ್ಮನಿಗೆ ಅಳಲು ಪುರುಸೊತ್ತೆಲ್ಲಿ? ಅಡುಗೆಮನೆ ಬಾಗಿಲು ತಳ್ಳಿ ತಳ್ಳಿ ತಂಗಿಗೆ ಟಾರ್ಕ್ ತೋರಿಸುತ್ತಾ ನಗುತ್ತಿದ್ದಳು. ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ಕೇಳಿ ನನಗೆ ತುಂಬಾ ದಿನವಾಗಿತ್ತು.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಖಾಲಿ ತೊಟ್ಟಿಲಿಗೆ ರುಬ್ಬುಗುಂಡು ಏರಿಸಿದೆ. ತಿರುಗಿ ನೋಡಿದರೆ ಗೇಟಿನಲ್ಲಿ ಅಮ್ಮ. ಇಸ್ತ್ರಿ ಸೀರೆ, ಕೈಯಲ್ಲಿ ಬ್ಯಾಗು.

"ಕಲ್ಲು ಇಳ್ಸೋ."

"ಅಮ್ಮ, ನಾನು ಆಫೀಸಿಗೆ ಹೋಗ್ತಾ ಇದೀನಿ!"

"ಹೋಗಪ್ಪ, ಬೇಡ ಅಂದೋರ್ಯಾರು? ದಾರೀಲಿ ತಿರುವು ಬಂದ್ರೆ ಕಲ್ಲು ವಾಲುತ್ತಾ?"