ನೀಲಾಂಬಿಕಾ ಟೀಚರ ಭೂಮಿಯ ಹಾಡು

ಗದಗಿನ ಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದ ನೀಲಾಂಬಿಕಾ ಟೀಚರು ಈಚೀಚೆಗೆ ಯಾರ ಮುಂದೆಯೂ ಬಾಯಿಬಿಡದ ಸಂಗತಿ ಒಂದಿತ್ತು. ಪ್ರಾಯದಲ್ಲಿ ಅವರು ಭೂಮಿಯನ್ನು ಕುರಿತ ಒಂದು ವೇದಸ್ತುತಿಯನ್ನು ಹಾಡಲು ಬರುವಂಥ ಕನ್ನಡಕ್ಕೆ ತಂದಿದ್ದರು. ನೇಕಾರರ ಮನೆಯ ಹುಡುಗಿಗೆ ವೇದದ ಉಸಾಬರಿ ಯಾಕೆ ಎಂದು ಮೂಗು ಮುರಿದವರೇ ಹೆಚ್ಚು. ಪ್ರೆಸ್ಸಿನವನು ಮೊದಲರ್ಧ ಅಚ್ಚು ಹಾಕಿ ಬಾಗಿಲು ಮುಚ್ಚಿದ. ಉಳಿದರ್ಧ ತಮ್ಮೊಂದಿಗೇ ಮಣ್ಣಾಗುತ್ತದೆ ಎಂದು ಟೀಚರು ಎಂದೋ ಕೈಚೆಲ್ಲಿದ್ದರು.

ಈಗ ಅವರು ಬೆಂಗಳೂರಿನ ಚಂದ್ರಾ ಲೇಔಟಿನಲ್ಲಿ ಮಗಳ ಜೊತೆ ಇದ್ದಾರೆ. ಕಳೆದ ಶ್ರಾವಣದಲ್ಲಿ ಆರ್‌ಪಿಸಿ ಲೇಔಟಿನ ಭಜನಾ ಮಂಡಳಿಗೆ ಹೋಗಿ ಕೂತರೆ, ಹೆಂಗಸರು ತಾಳ ಹಾಕುತ್ತ ಹಾಡಿದ್ದು ಅವರದೇ ಹಾಡು! ಬಾಯಿಂದ ಬಾಯಿಗೆ ಹಬ್ಬಿ, ಬರೆದವಳ ಹೆಸರನ್ನು ದಾರಿಯಲ್ಲೆಲ್ಲೋ ಬಿಟ್ಟು, ಅದು ಇಲ್ಲಿಗೆ ಬಂದು ಸೇರಿತ್ತು.

ಅವರೂ ದನಿಗೂಡಿಸಿದರು. ‘ಮಣ್ಣೇ, ನಿನ್ನ ಮಡಿಲಿಗೆ ನಮಿಸುವೆ’ ಎಂಬಲ್ಲಿ ‘ಮಡಿಲಲ್ಲಿ ಮಲಗುವೆ’ ಎಂದರು. ವಯಸ್ಸಾದ ಮೇಲೆ ಮನಸ್ಸಿನಲ್ಲೇ ತಿದ್ದಿಕೊಂಡ ಸಾಲು ಅದು.

ಮಂಡಳಿ ನಡೆಸುವ ಅಲಮೇಲು ತಾಳ ನಿಲ್ಲಿಸಿದರು. “ತಪ್ಪು ಹಾಡ್ತಾ ಇದೀರಲ್ಲಾ! ಹಿಂದಿನೋರು ಮಾಡಿಟ್ಟಿರೋದು ಕಣ್ರೀ, ನಮ್ಮಿಷ್ಟಕ್ಕೆ ಬದಲಾಯಿಸಬಾರದು.”

ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು, ಹಾಡು ಅರ್ಧಕ್ಕೇ ಸಾಯುತ್ತಿತ್ತು. ಟೀಚರು ವಾದಕ್ಕಿಳಿಯಲಿಲ್ಲ. ಹಾಡು ಮತ್ತೆ ಶುರುವಾಗಿ, ಎಲ್ಲರೂ ನಿಲ್ಲಿಸುವ ಪದ್ಯ ಮುಗಿದ ಮೇಲೂ ಅವರು ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ ಮುಂದಿನ ಪದ್ಯ ಹಾಡಿದರು, ಅದರ ಮುಂದಿನದನ್ನೂ.

ಅಲಮೇಲು ಅವರ ತಂದೆ ಆ ಸ್ತುತಿಯನ್ನು ಸಂಸ್ಕೃತದಲ್ಲೇ ದಿನವೂ ಪಠಿಸುತ್ತಿದ್ದವರು. ಕೇಳಿ ಕೇಳಿ ಬಾಯಿಪಾಠವಾಗಿದ್ದ ಮಂತ್ರಗಳು ಅದೇ ಕ್ರಮದಲ್ಲಿ ಕನ್ನಡವಾಗಿ ಬರುವುದನ್ನು ಕಂಡು ಆಕೆ ಬೆಕ್ಕಸಬೆರಗಾದರು.

“ಇದನ್ನ ಎಲ್ಲಿ ಕಲಿತ್ರಿ?”

“ಕಲ್ತದ್ದಲ್ರೀ, ನಾನೇ ಬರದದ್ದು. ನೀವು ಹಾಡಿದ್ದೂ ನಂದೇರಿ.”

“ಅಯ್ಯೋ ರಾಮ, ನಾನು ಯಾರನ್ನ ತಿದ್ದಿದ್ದು!” ಅಲಮೇಲು ಹಣೆ ಚಚ್ಚಿಕೊಂಡರು. ಆದರೆ ಸೋಲೊಪ್ಪುವ ಜೀವವಲ್ಲ ಅದು. “ಆದ್ರೂ ಟೀಚರೇ, ‘ಮಲಗುವೆ’ ಅನ್ನೋದನ್ನ ನಾನು ಒಪ್ಪಲ್ಲ. ಉಳಿದರ್ಧ ನಮಗೆ ಯಾರು ಕಲಿಸ್ತಾರೆ? ಅಲ್ಲೀವರೆಗೂ ಮಲಗೋ ಮಾತೇ ಬೇಡ.”

ತಮ್ಮ ಒಂದು ಸಾಲಿಗಾಗಿ ತಮ್ಮೊಡನೆಯೇ ಜಗಳಕ್ಕೆ ನಿಲ್ಲುವವರು ಈ ಜನ್ಮದಲ್ಲಿ ಸಿಕ್ಕಿದರಲ್ಲ! ಟೀಚರ ಕಣ್ಣು ತುಂಬಿತು, ನಗುವೂ ಬಂತು.

“ಆತ್ರಿ, ನಮಿಸುವೆ ಅಂತನೇ ಇರ್ಲಿ,” ಎಂದವರೇ ಹೊಸ ಪದ್ಯದ ಮೊದಲ ಸಾಲನ್ನು ನಿಧಾನವಾಗಿ ಹೇಳಿಕೊಟ್ಟರು. ಹೆಂಗಸರೆಲ್ಲ ಅದನ್ನು ತಪ್ಪುತಪ್ಪಾಗಿ, ಗಟ್ಟಿಯಾಗಿ ಹಾಡಿದರು.