ತಿರುವಿನಲ್ಲಿ ಕಾಲೆತ್ತದವರು

ಹಿಂಭಾಗದಲ್ಲಿ ಎಂಜಿನ್ ಇರುವ ನನ್ನ ಹಳೆಯ ಕಾರನ್ನು ಹೊಳೆನರಸೀಪುರದ ಒಬ್ಬ ಮೆಕ್ಯಾನಿಕ್ ಮಾತ್ರ ಮುಟ್ಟುತ್ತಿದ್ದರು. ಮುಂದಿನ ಡಿಕ್ಕಿಗೆ ಮರಳಿನ ಮೂಟೆ ಹಾಕಿ, "ಮೂತಿ ಅಗುರ, ಬಾಲ ಭಾರ ಸಾ. ತಿರುವಲ್ಲಿ ಆಕ್ಸಿಲೇಟ್ರಿಂದ ಕಾಲೆತ್ತಬ್ಯಾಡಿ, ಬಾಲ ತಿರುಗ್ಬುಡ್ತದೆ," ಎನ್ನುತ್ತಿದ್ದರು.

ಒಮ್ಮೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರಕಲಗೂಡು ರಸ್ತೆಯಲ್ಲಿ ಹೋಗುವಾಗ, ಕೆರೆ ಏರಿಯ ತಿರುವಿನಲ್ಲಿ ವೇಗ ಹೆಚ್ಚಾಯಿತು. ಕಾರಿನ ಹಿಂಭಾಗ ನೀರಿನತ್ತ ಜಾರತೊಡಗಿತು.

"ಒತ್ತಿ ಸಾ, ಒತ್ತಿ!"

ಕಾರು ತೂರಾಡಿ ನೇರವಾಯಿತು.

ಗ್ಯಾರೇಜಿಗೆ ಬಂದವರಿಗೆಲ್ಲ ಅವರು, "ನಮ್ ಸಾ ಕಾಲೇ ಎತ್ಲಿಲ್ಲ ಕಣ್ಲಾ!" ಎಂದು ಹೊಗಳಿದರು. ನಾನೂ ವರ್ಷಗಟ್ಟಲೆ ಹಾಗೆಯೇ ಹೇಳಿಕೊಂಡು ಬಂದೆ. ಈಗ ನೆನಪಿರುವುದೂ ಹಾಗೆಯೇ.

ಆದರೆ ಆ ದಿನದ ಡೈರಿಯಲ್ಲಿ ನಾನೇ ಬರೆದದ್ದು ಬೇರೆ: ಮೇಲೇಳುತ್ತಿದ್ದ ನನ್ನ ಮಂಡಿಯನ್ನು ಅವರು ಕೈಯಿಂದ ಅದುಮಿ ಹಿಡಿದಿದ್ದರು. ಮನೆಗೆ ಬಂದಾಗ ಪ್ಯಾಂಟಿನ ಮೇಲೆ ಗ್ರೀಸಿನ ಐದು ಬೆರಳುಗಳಿದ್ದವು.