ಹನ್ನೆರಡನೇ ಚೀಲ

ಎಣಿಕೆಯಕ್ಕ ಎಂದರೆ ಆ ವಿಮಾನ ಕಾರ್ಖಾನೆಯ ಗೇಟು ಕಾಯುವವನಿಂದ ಹಿಡಿದು ಮೇಲಿನ ಮಹಡಿಯವರವರೆಗೆ ಎಲ್ಲರಿಗೂ ಗೊತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಮೆಟ್ಟಿಲು ಹತ್ತಿದರೆ ಮೆಟ್ಟಿಲು ಎಣಿಸುವಳು, ಬಸ್ಸಿನಲ್ಲಿ ಕೂತರೆ ಕಿಟಕಿ ಎಣಿಸುವಳು, ನೆಂಟರು ಉಂಡು ಹೊರಟ ಮೇಲೆ ಚಮಚ ಎಣಿಸುವಳು. ಈ ಕೊನೆಯ ಅಭ್ಯಾಸದಿಂದಲೇ ನಮ್ಮ ಮನೆಗೆ ನೆಂಟರು ಎರಡನೇ ಸಲ ಬರುವುದಿಲ್ಲ ಎಂದು ಅವಳ ಗಂಡ, ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು, ನೆಂಟರ ಎದುರಿಗೇ ಹೇಳಿ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಆದರೆ ಎಣಿಸುವುದನ್ನು ಬಿಡುತ್ತಿರಲಿಲ್ಲ.

ಮೊದಲು ಅವಳು ಮಾಡುತ್ತಿದ್ದದ್ದು ಶಾಲಾ ಸಮವಸ್ತ್ರ ಹೊಲಿಯುವ ಕೆಲಸ. ಕಾರ್ಖಾನೆಗೆ ಬಂದದ್ದು ವಿಮಾನದ ಸೀಟಿಗೆ ಬಟ್ಟೆ ಹೊಲಿಯಲು. ಅಲ್ಲಿಂದ ಪ್ಯಾರಾಚೂಟ್ ಮಡಚುವ ಮೇಜಿಗೆ ದಾಟಿ ಇಪ್ಪತ್ತೆರಡು ವರ್ಷವಾಗಿತ್ತು. ಅವಳು ಮಡಚುವುದು ಮನುಷ್ಯರ ಬೆನ್ನಿಗೆ ಕಟ್ಟುವ ಪ್ಯಾರಾಚೂಟ್ ಅಲ್ಲ, ವಿಮಾನದ ಬಾಲಕ್ಕೆ ಕಟ್ಟುವುದು. ಹೊಸ ಮಾದರಿಯ ವಿಮಾನವನ್ನು ಮಾರಬೇಕಾದರೆ ಸರ್ಕಾರದ ಪ್ರಮಾಣಪತ್ರ ಬೇಕು. ಅದು ಬೇಕಾದರೆ ವಿಮಾನವನ್ನು ಆಕಾಶದಲ್ಲಿ ಬೇಕೆಂದೇ ಗೋಳು ಹೊಯ್ದುಕೊಳ್ಳಬೇಕು. ರೆಕ್ಕೆಯ ಹಿಡಿತ ತಪ್ಪಿಸಿ ಬುಗುರಿಯ ಹಾಗೆ ಸುತ್ತಿಸುತ್ತ ಕೆಳಗೆ ಬೀಳಿಸಿ, ಅದು ಸಾವರಿಸಿಕೊಂಡು ಏಳುತ್ತದೆಯೋ ಇಲ್ಲವೋ ನೋಡಬೇಕು. ಏಳದೇ ಹೋದರೆ ಪೈಲಟ್ ಒಂದು ಗುಂಡಿ ಒತ್ತುತ್ತಾನೆ. ಬಾಲದಲ್ಲಿರುವ ಪ್ಯಾರಾಚೂಟ್ ಬಿಚ್ಚಿಕೊಂಡು ವಿಮಾನವನ್ನು ಹಿಂದಿನಿಂದ ಜಗ್ಗಿ ಹಿಡಿದು ಸುತ್ತನ್ನು ನಿಲ್ಲಿಸುತ್ತದೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಜನ ನಾವು; ಇಲ್ಲಿಯವರಾದರೋ ಮೊದಲೇ ಬಾವಿ ತೋಡಿ, ಹಗ್ಗ ಕಟ್ಟಿ, ಕೊಡ ತುಂಬಿಸಿಟ್ಟು, ಆಮೇಲೆ ಬೇಕೆಂದೇ ಕಡ್ಡಿ ಗೀರುವವರು.

ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಮಡಚುವಾಗ ಅದು ಜಾರದಂತೆ ಸೀಸದ ಗುಂಡು ತುಂಬಿದ ಅಂಗೈಯಗಲದ ಚೀಲಗಳನ್ನು ಹೇರುತ್ತಾರೆ. ಹಿಂದೆ ಸಮವಸ್ತ್ರ ಹೊಲಿದು ಉಳಿದಿದ್ದ ನೀಲಿ ಬಟ್ಟೆಯಲ್ಲಿ ಅಕ್ಕನೇ ಹೊಲಿದ ಹನ್ನೆರಡು ಚೀಲ, ಪ್ರತಿಯೊಂದರ ಮೇಲೂ ಬಿಳಿ ದಾರದಲ್ಲಿ ಅಂಕಿ. ಮಡಚುವ ಮೊದಲು ಹನ್ನೆರಡು, ಮಡಚಿದ ಮೇಲೂ ಹನ್ನೆರಡು ಇರಬೇಕು. ಒಂದು ಒಳಗೇ ಉಳಿದರೆ ಪ್ಯಾರಾಚೂಟ್ ಸಿಕ್ಕಿಕೊಂಡೀತು, ಇಲ್ಲವೇ ಚೀಲವೇ ಹಾರಿ ಬಾಲಕ್ಕೆ ಬಡಿದೀತು. ಎಣಿಸಿ, ಕಾರ್ಡಿನಲ್ಲಿ ಬರೆದು, ಸಹಿ ಹಾಕಿದ ಮೇಲೆಯೇ ಅವಳು ಕೋಣೆಗೆ ಬೀಗ ಹಾಕುತ್ತಿದ್ದಳು.

ಇಷ್ಟು ಗಟ್ಟಿಗಿತ್ತಿಗೆ ಆ ತಿಂಗಳು ಒಂದು ಅಳುಕು ಹತ್ತಿತ್ತು. ಅವಳ ತಾಯಿ ಅರವತ್ತು ದಾಟುವ ಮೊದಲೇ ಒಂದೊಂದನ್ನೇ ಮರೆಯುತ್ತ ಬಂದು, ಕೊನೆಗೆ ಮಗಳನ್ನೇ "ನೀವು ಯಾರಮ್ಮ?" ಎಂದು ಕೇಳಿದವಳು. ಅಕ್ಕನಿಗೆ ಈಗ ಐವತ್ತೆಂಟು. ಹಿಂದಿನ ವಾರ ಕನ್ನಡಕವನ್ನು ತಲೆಯ ಮೇಲೇ ಇಟ್ಟುಕೊಂಡು ಅರ್ಧ ಗಂಟೆ ಹುಡುಕಿದ್ದಳು. ಇಡೀ ಕಾರ್ಖಾನೆ ನಕ್ಕಿತ್ತು. ಮನೆಯಲ್ಲಿ ಆರು ಚಮಚಗಳಲ್ಲಿ ಒಂದು ಕಾಣೆಯಾಗಿ ಹತ್ತು ದಿನವಾಗಿತ್ತು, ಎಲ್ಲಿಟ್ಟೆನೆಂದು ಎಷ್ಟು ಯೋಚಿಸಿದರೂ ನೆನಪಾಗಲೊಲ್ಲದು. ಸಾಲದ್ದಕ್ಕೆ ಹಾರಾಟ ಪರೀಕ್ಷೆಯ ಮುಖ್ಯಸ್ಥರು ಮಡಚುವ ಕೆಲಸವನ್ನು ಹೊರಗಿನ ಕಂಪನಿಗೆ ಕೊಡಲು ಕಾಗದ ಸಿದ್ಧ ಮಾಡಿಸಿದ್ದಾರೆ ಎಂಬ ಸುದ್ದಿ ಬೇರೆ. ಮುಖ್ಯಸ್ಥರು ಕೆಟ್ಟವರಲ್ಲ. ಅವರ ಒಂದೇ ದೋಷವೆಂದರೆ ಯೋಚನೆಯಲ್ಲಿ ಮುಳುಗಿದಾಗ ಎದುರಿದ್ದವರ ಪೆನ್ನು ಅವರ ಜೇಬು ಸೇರುತ್ತಿತ್ತು. ಆದರೆ ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಹೊರಗಿನವರ ಬಣ್ಣದ ಪುಸ್ತಕ ನೋಡಿ ಅವರಿಗೆ ಆಸೆಯಾಗಿತ್ತು. ಈಗ ಒಂದೇ ಒಂದು ಮರೆವು ಹೊರಬಿದ್ದರೂ ಆ ಕಾಗದಕ್ಕೆ ಸಹಿ ಬೀಳುತ್ತದೆ ಎಂದು ಅಕ್ಕನಿಗೆ ಖಾತ್ರಿಯಿತ್ತು. ಅದಕ್ಕಿಂತ ದೊಡ್ಡ ಭಯ ಬೇರೆಯಿತ್ತು, ಅದನ್ನು ಗಂಡನಿಗೂ ಹೇಳಿರಲಿಲ್ಲ. ತನಗೂ ತಾಯಿಯ ದಾರಿಯೇ ಏನೋ ಎಂಬುದು ಆ ಭಯ.

ವಿಮಾನವನ್ನು ಸುತ್ತಿಸುವ ಪರೀಕ್ಷೆಗೆ ಮುನ್ನ ಬಾಲದ ಪ್ಯಾರಾಚೂಟನ್ನು ಆಕಾಶದಲ್ಲಿ ಒಮ್ಮೆ ಬಿಚ್ಚಿ ತೋರಿಸಬೇಕಿತ್ತು. ಅದನ್ನು ನೋಡಲು ಸರ್ಕಾರದಿಂದ ಪರೀಕ್ಷಕಿಯೊಬ್ಬರು ಬಂದಿದ್ದರು. ಆ ಬೆಳಿಗ್ಗೆ ಅಕ್ಕ ಕೋಣೆಯ ಬೀಗ ತೆಗೆದು, ಮೇಜಿನ ಮೇಲಿದ್ದ ತನ್ನ ಕಾರ್ಡನ್ನು ಮುಖ್ಯಸ್ಥರು ತಮ್ಮ ಬಳಿಯಿದ್ದ ಎರಡನೇ ಬೀಗದಕೈಯಿಂದ ಬಾಗಿಲು ತೆಗೆದು ಆಗಲೇ ಒಯ್ದಿರುವುದನ್ನು ನೋಡಿ, ರೂಢಿಯಂತೆ ಪೆಟ್ಟಿಗೆಯ ಚೀಲಗಳನ್ನು ಇನ್ನೊಮ್ಮೆ ಎಣಿಸಿದಳು. ಹನ್ನೊಂದು. ಮತ್ತೆ ಎಣಿಸಿದಳು. ಪೆಟ್ಟಿಗೆ ಬೋರಲು ಹಾಕಿ ಎಣಿಸಿದಳು. ಏಳನೇ ಚೀಲ ಇರಲಿಲ್ಲ. ಹಿಂದಿನ ಸಂಜೆ ಹನ್ನೆರಡು ಎಂದು ಬರೆದು ಸಹಿ ಹಾಕಿದವಳು ತಾನೇ.

ಆ ಕಾರ್ಖಾನೆಯಲ್ಲಿ ಒಂದು ಕ್ರಮವಿತ್ತು. ಹಾರಾಟದ ಬೆಳಿಗ್ಗೆ ಎಲ್ಲರೂ ಸೇರಿ ಅಪಾಯಗಳ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾರೆ. ಏನು ಕೆಡಬಹುದು, ಏಕೆ, ಕೆಟ್ಟರೆ ಏನಾಗುತ್ತದೆ, ಎಷ್ಟು ಸಂಭವ, ತಡೆಯುವುದು ಹೇಗೆ, ಎಲ್ಲಕ್ಕೂ ಒಂದೊಂದು ಅಂಕಣ. ಒಂದೊಂದು ಸಾಲಿಗೂ ಅದರ ಹೊಣೆ ಹೊತ್ತವರು "ಸರಿ" ಎನ್ನಬೇಕು. ಯಾರು "ಇಲ್ಲ" ಎಂದರೂ, ಅವರು ಕಸ ಗುಡಿಸುವವರೇ ಆಗಿರಲಿ, ಆ ದಿನ ವಿಮಾನ ಏಳುವಂತಿಲ್ಲ. ಹದಿನೇಳನೇ ಸಾಲು ಅಕ್ಕನದು: ಬಾಲದ ಪ್ಯಾರಾಚೂಟ್ ಬಿಚ್ಚಿಕೊಳ್ಳದಿರುವುದು. ಇಪ್ಪತ್ತೆರಡು ವರ್ಷದಲ್ಲಿ ಅವಳು ಒಮ್ಮೆಯೂ "ಇಲ್ಲ" ಎಂದವಳಲ್ಲ.

ಹದಿನಾರನೇ ಸಾಲು ಓದಿಯಾಯಿತು. ಸುಮ್ಮನಿದ್ದರೆ ಯಾರೂ ಕೇಳುವವರಿರಲಿಲ್ಲ, ಕಾರ್ಡಿನಲ್ಲಿ ಹನ್ನೆರಡು ಎಂದೇ ಇತ್ತು. ಎದುರಿಗೆ ಪೈಲಟ್ ಕೂತಿದ್ದ. ಬಾಗಿಲಲ್ಲಿ ಬಗ್ಗಿಯೇ ನಡೆಯಬೇಕಾದಷ್ಟು ಎತ್ತರದವನು, ಅವಳನ್ನು ಸ್ವಂತ ಅಕ್ಕನಂತೆ ಕಾಡುವವನು. ಅವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದ. ಅವನ ಆ ನೆಮ್ಮದಿಯ ಮುಖ ನೋಡಿ ಅವಳಿಗೆ ಬೇರೆ ದಾರಿ ಇದೆ ಎನ್ನಿಸಲಿಲ್ಲ.

"ಇಲ್ಲ," ಎಂದಳು. "ನಿನ್ನೆ ಸಂಜೆ ಹನ್ನೆರಡು ಅಂತ ಸಹಿ ಹಾಕಿದ್ದೀನಿ. ಇವತ್ತು ಹನ್ನೊಂದೇ ಇದೆ. ಒಳಗೆ ಉಳಿದಿರಬಹುದು, ಇಲ್ಲದೆಯೂ ಇರಬಹುದು. ನನಗೆ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಸರಿ ಅನ್ನೋಕಾಗಲ್ಲ."

ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡು, ಈ ಚೀಲದ ವಿಷಯ ನಿಮ್ಮನ್ನು ಯಾರಾದರೂ ಕೇಳಿದ್ದರೇ ಎಂದು ವಿಚಾರಿಸಿದರು. ಇಲ್ಲವೆಂದಳು ಅಕ್ಕ. ಅವರು ಏನನ್ನೋ ಬರೆದುಕೊಂಡರು. ಮುಖ್ಯಸ್ಥರ ಮುಖ ಗಂಟಾಗಿತ್ತು, ಆದರೆ ನಿಯಮ ಮಾಡಿದವರೇ ಅವರು. ಪಟ್ಟಿ ಮುಚ್ಚಿ ಹಾರಾಟ ನಾಳೆಗೆ ಎಂದರು. ಪೈಲಟ್ ಎದ್ದು ಬಂದು ಅವಳ ಪಕ್ಕ ನಿಂತ.

"ಬಿಚ್ಚಿ ಅಕ್ಕ, ನಾನೂ ಒಂದು ತುದಿ ಹಿಡಿತೀನಿ. ಬೇಗ ಮೇಲೆ ಹೋಗಿಬಿಡಬೇಕು ಅನ್ನೋ ಆಸೆ ನನಗೇನಿಲ್ಲ."

ಅಂದು ಕಾರ್ಖಾನೆಯೆಲ್ಲ ಒಂದು ಚೀಲದ ಹಿಂದೆ ಬಿತ್ತು. ಅಕ್ಕ ಮೈಯೆಲ್ಲ ಕಣ್ಣಾಗಿ ಒಂದೊಂದೇ ಪದರ ಬಿಡಿಸಿದಳು. ಪೈಲಟ್ ಬಟ್ಟೆಯ ತುದಿ ಹಿಡಿದು ನಿಂತು, ಮದುವೆಗೆ ಸೀರೆ ಆರಿಸಲು ಹೆಂಡತಿಯ ಜೊತೆ ಹೋದಾಗಲೂ ಇಷ್ಟು ಹೊತ್ತು ನಿಂತಿರಲಿಲ್ಲ ಎಂದು ಗೊಣಗಿದ. ಮುಖ್ಯಸ್ಥರು ಕೋಟು ಕಳಚಿ, ಟಾರ್ಚು ಹಿಡಿದು, ಮಂಡಿಯೂರಿ ಕಪಾಟುಗಳ ಅಡಿಯನ್ನೆಲ್ಲ ಹುಡುಕಿದರು. ಅವರಿಗೆ ಸಿಕ್ಕಿದ್ದು ಮೂರು ಬೋಲ್ಟು, ಒಂದು ಬಾಚಣಿಗೆ ಮತ್ತು ಬೇಕಾದಷ್ಟು ಧೂಳು. ಊಟದ ಹೊತ್ತಿಗೆ ಕೊನೆಯ ಪದರವೂ ಬಿಚ್ಚಿತು. ಚೀಲ ಒಳಗಿರಲಿಲ್ಲ.

ಎಲ್ಲರೂ ಉಸಿರು ಬಿಟ್ಟರು, ಅಕ್ಕನಿಗೆ ಮಾತ್ರ ಇನ್ನಷ್ಟು ಕಷ್ಟವಾಯಿತು. ಒಳಗೆ ಸಿಕ್ಕಿದ್ದರೆ ಅದು ಕೆಲಸದ ತಪ್ಪು, ತಿದ್ದಬಹುದು. ಸಿಗಲಿಲ್ಲವೆಂದರೆ ತಾನೇ ಎಲ್ಲೋ ಇಟ್ಟು ಮರೆತಿರಬೇಕು. ಊಟದ ಡಬ್ಬಿಯ ಚೀಲ ನೋಡಿದಳು, ದಾರದ ಡಬ್ಬ ನೋಡಿದಳು, ತಲೆಯ ಮೇಲೂ ಕೈಯಾಡಿಸಿದಳು. ಆಮೇಲೆ ತುಟಿ ಬಿಗಿದು ಹನ್ನೊಂದೇ ಚೀಲ ಇಟ್ಟುಕೊಂಡು ಮತ್ತೆ ಮಡಚಿದಳು. ಸಂಜೆ ಐದಕ್ಕೆ ಮುಗಿಯಿತು. ಹನ್ನೊಂದು ಎಂದು ಬರೆದು, ಆ ಕಾರ್ಡಿಗೆ ಸಹಿ ಹಾಕಿಸಲು ಮುಖ್ಯಸ್ಥರ ಕೋಣೆಗೆ ಹೋದಳು. ಇದೇ ತನ್ನ ಕೊನೆಯ ಕಾರ್ಡು ಎಂದು ಮನಸ್ಸು ಹೇಳುತ್ತಿತ್ತು.

ಮುಖ್ಯಸ್ಥರೂ ಪರೀಕ್ಷಕಿಯೂ ಕೂತಿದ್ದರು. ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಮೇಜಿನ ಮೇಲಿನ ಕಾಗದಗಳೆಲ್ಲ ಪಟಪಟ ಹೊಡೆದುಕೊಳ್ಳುತ್ತಿದ್ದವು. ಕಿಟಕಿಯ ಕಡೆಯ ಒಂದು ಕಟ್ಟು ಮಾತ್ರ ಅಲುಗಾಡದೆ ಕೂತಿತ್ತು. ಅದು ಅಪಾಯಗಳ ಪಟ್ಟಿಯ ಕಟ್ಟು. ಅದರ ಮೇಲೊಂದು ನೀಲಿ ಚೀಲ. ಚೀಲದ ಮೇಲೆ ಬಿಳಿ ದಾರದಲ್ಲಿ ಏಳು.

"ಸರ್," ಎಂದಳು ಅಕ್ಕ, "ಅದೇನು?"

"ಯಾವುದು? ಓ, ಬೆಳಿಗ್ಗೆ ನಿಮ್ಮ ಕಾರ್ಡ್ ತರೋಕೆ ಬಂದಿದ್ದೆ. ಕಾಗದ ಹಾರ್ತಿತ್ತು, ಅದಕ್ಕೆ..."

ಅವರ ಕಣ್ಣು ಚೀಲದ ಮೇಲಿನ ಅಂಕಿಗೆ ಹೋಯಿತು. ಪ್ಯಾಂಟಿನ ಮಂಡಿಗಳಲ್ಲಿ ಇನ್ನೂ ಕಪಾಟಿನಡಿಯ ಧೂಳಿತ್ತು, ಮುಖ ಇಂಗು ತಿಂದ ಮಂಗನಂತಾಗಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವರ ಕಥೆ ಕೇಳಿದ್ದೇವೆ. ಇವರು ಟಾರ್ಚು ಬೇರೆ ಹಿಡಿದಿದ್ದರು. ಪರೀಕ್ಷಕಿ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು. ಅಕ್ಕ ಕುರ್ಚಿಯ ಮೇಲೆ ದೊಪ್ಪನೆ ಕೂತು ನಗತೊಡಗಿದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಬಂದ ನೀರು ನಗು ನಿಂತ ಮೇಲೂ ನಿಲ್ಲಲಿಲ್ಲ.

"ಹಾಗಾದ್ರೆ ನನ್ನ ತಲೆ ಸರಿಯಿದೆ," ಎಂದಳು.

ಮುಖ್ಯಸ್ಥರು ಎದ್ದು ಬಂದು ಚೀಲವನ್ನು ಅವಳ ಎರಡೂ ಕೈಯಲ್ಲಿಟ್ಟು, ತಪ್ಪಾಯಿತು ಅಕ್ಕ ಎಂದರು.

ಬೇರೆಯವರಾಗಿದ್ದರೆ ವಿಷಯ ಅಲ್ಲಿಗೇ ಮುಚ್ಚಿಹಾಕುತ್ತಿದ್ದರು. ಮರುದಿನ ಬೆಳಿಗ್ಗೆ ಪಟ್ಟಿಯಲ್ಲಿ ಹದಿನೆಂಟನೆಯದಾಗಿ ಹೊಸ ಸಾಲೊಂದಿತ್ತು. ಮುಖ್ಯಸ್ಥರೇ ಗಂಟಲು ಸರಿಮಾಡಿಕೊಂಡು ಓದಿದರು: ಅಪಾಯ, ಮುಖ್ಯಸ್ಥರು. ಕಾರಣ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುವ ಅಭ್ಯಾಸ. ಪರಿಣಾಮ, ಒಂದು ದಿನದ ಹಾರಾಟ ನಷ್ಟ ಮತ್ತು ಒಬ್ಬ ಒಳ್ಳೆಯ ಕೆಲಸಗಾರ್ತಿಗೆ ಸಲ್ಲದ ಸಂಕಟ. ತಡೆ, ಎರಡನೇ ಬೀಗದಕೈ ಅಕ್ಕನಿಗೆ ಒಪ್ಪಿಸುವುದು, ಮಡಚುವ ಕೋಣೆಯಿಂದ ಹೊರಡುವಾಗ ಜೇಬು ತೋರಿಸುವುದು.

"ಸಂಭವ ಎಷ್ಟು ಅಂತ ಬರೆದೇ ಇಲ್ಲ," ಎಂದ ಪೈಲಟ್.

"ದಿನಾಲೂ ಅಂತ ಬರೀರಿ," ಎಂದರು ಪರೀಕ್ಷಕಿ, ತಲೆಯೆತ್ತದೆ.

ಕೋಣೆಗೆ ಕೋಣೆಯೇ ನಕ್ಕಿತು. ಹೊಣೆ ಹೊತ್ತವರು ಯಾರು ಎಂದಾಗ ಮುಖ್ಯಸ್ಥರು "ಸರಿ" ಎಂದು ಸಹಿ ಹಾಕಿದರು, ಪಕ್ಕದವನ ಪೆನ್ನಿನಲ್ಲಿ. ಪೆನ್ನನ್ನು ಹಿಂದಿರುಗಿಸಿದ್ದನ್ನು ಎಲ್ಲರೂ ಗಮನಿಸಿದರು. ಹೊರಗಿನ ಕಂಪನಿಯ ಕಾಗದ ಕಸದ ಬುಟ್ಟಿ ಸೇರಿತ್ತು. ಅಕ್ಕನ ಮೇಲಿನ ಕನಿಕರಕ್ಕಲ್ಲ. ಹೊರಗಿನವರು ಚೆನ್ನಾಗಿ ಮಡಚಿಯಾರು, ತಮ್ಮ ಸಹಿಯ ಮೇಲೆ ತಾವೇ "ಇಲ್ಲ" ಎನ್ನುತ್ತಾರೆಂದು ಯಾರು ಹೇಳಬೇಕು ಎಂದು ಮುಖ್ಯಸ್ಥರು ಪರೀಕ್ಷಕಿಯ ಹತ್ತಿರ ಹೇಳಿದರಂತೆ.

ಹದಿನೇಳನೇ ಸಾಲಿಗೆ ಅಕ್ಕ "ಸರಿ" ಎಂದದ್ದು ಹೊರಗಿನ ಓಣಿಗೂ ಕೇಳಿಸಿತ್ತು.

ಪ್ಯಾರಾಚೂಟ್ ಬಿಚ್ಚುವುದನ್ನು ಅವಳು ಅದುವರೆಗೆ ಒಮ್ಮೆಯೂ ನೋಡಿದವಳಲ್ಲ. ಮಗು ಪರೀಕ್ಷೆ ಬರೆಯುವಾಗ ಹೆತ್ತವಳು ಕಿಟಕಿಯಲ್ಲಿ ಇಣುಕಬಾರದು ಎಂದು ಒಳಗೇ ಕೂತಿರುತ್ತಿದ್ದಳು. ಅಂದು ಹೊರಗೆ ಬಂದು ಹುಲ್ಲಿನ ಮೇಲೆ ನಿಂತಳು. ವಿಮಾನ ಒಂದು ಸುತ್ತು ಹಾಕಿ ಎಲ್ಲರಿಗೂ ಕಾಣುವಷ್ಟು ಎತ್ತರದಲ್ಲಿ ನೇರವಾಗಿ ಬಂತು. ಗೋಡೆಗೆ ನೇತುಹಾಕಿದ ಸ್ಪೀಕರಿನಲ್ಲಿ ಪೈಲಟ್‌ನ ದನಿ, ಒತ್ತುತ್ತಿದ್ದೇನೆ ಎಂದಿತು. ಅಕ್ಕ ಎಣಿಸತೊಡಗಿದಳು. ಒಂದು ಎಂದಳು, ಎರಡು ಎನ್ನುವಷ್ಟರಲ್ಲಿ ಬಾಲದ ಹಿಂದೆ ಬಿಳಿಯದೊಂದು ಅರಳಿ ನಿಂತಿತ್ತು. ಒಂದು ಸುಕ್ಕಿಲ್ಲ, ಒಂದು ಎಳೆ ಸಿಕ್ಕಿಲ್ಲ. ಇಷ್ಟು ವರ್ಷ ಇಷ್ಟು ಚೆಂದದ್ದನ್ನು ಮಡಚಿ ಮಡಚಿ ಡಬ್ಬಿಯಲ್ಲಿ ತುಂಬುತ್ತಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೆಮ್ಮೆಯೂ ಅಕ್ಕರೆಯೂ ಉಕ್ಕಿ ಬಂತು. ಎಣಿಸುವುದನ್ನು ಅಲ್ಲಿಗೇ ಮರೆತಳು. ಆ ಮರೆವಿನಿಂದ ಅವಳಿಗೆ ಭಯವಾಗಲಿಲ್ಲ.

ಸಂಜೆ ಮನೆಗೆ ಬಂದು ಪಾತ್ರೆ ತೊಳೆದು ಚಮಚ ಎಣಿಸಿದಳು. ಐದೇ ಇತ್ತು. ಹತ್ತು ದಿನದಿಂದ ಆ ಐದನ್ನು ನೋಡಿ ತನ್ನ ತಲೆಯನ್ನೇ ತಡಕಾಡಿಕೊಳ್ಳುತ್ತಿದ್ದವಳು, ಅಂದು ಸೆರಗಿಗೆ ಕೈ ಒರೆಸಿಕೊಂಡು ಹಜಾರಕ್ಕೆ ಬಂದು, ಪೇಪರ್ ಓದುತ್ತಿದ್ದ ಗಂಡನ ಮುಂದೆ ನಿಂತಳು.

"ಚಮಚ ಎಲ್ರೀ?"

ಗಂಡ ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖ ಮುಚ್ಚಿಕೊಂಡ.

"ಹೂಕುಂಡದಲ್ಲಿದೆ ಕಣೇ," ಎಂದಿತು ಪೇಪರಿನ ಹಿಂದಿನ ದನಿ. "ಗೊಬ್ಬರ ಹಾಕೋಕೆ ತಗೊಂಡಿದ್ದೆ. ನೀನು ಕೇಳಲೇ ಇಲ್ಲವಲ್ಲ."